ಹೆಲಿಕಾಪ್ಟರಿನ ಬಾಲದ ಫ್ಯಾನು

ಮೈಸೂರಿನಿಂದ ಕೊಯಮತ್ತೂರಿನ ಬಳಿಯ ಸೂಲೂರಿಗೆ ಬಂದು, ಅಲ್ಲಿನ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರಾಗಿ ನನಗೆ ಆಗ ಆರು ತಿಂಗಳು. ನನ್ನ ತಮಿಳು ಇನ್ನೂ ತಡವರಿಸುತ್ತಿತ್ತು. ಮಕ್ಕಳು ಬೆನ್ನ ಹಿಂದೆ ಅಣಕಿಸುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ಮನೆಮಾತು ಕನ್ನಡವಾಗಿದ್ದ ಹುಡುಗಿ ಒಬ್ಬಳೇ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ರೈತರ ಮನೆಯವಳು. ಕನ್ನಡ ಓದಲು ಬಾರದು. ವರಾಂಡದಲ್ಲಿ ಸಿಕ್ಕಾಗ ಅಕ್ಕಾ ಎಂದು ಎರಡು ಮಾತಾಡುತ್ತಿದ್ದಳು. ಇಡೀ ದಿನದಲ್ಲಿ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡ ಅಷ್ಟೇ.

ಒಂದು ದಿನ ಪಾಠದ ನಡುವೆ ಹೆಲಿಕಾಪ್ಟರೊಂದು ಚಾವಣಿಯ ಮೇಲೇ ಹಾದುಹೋಯಿತು. ನಾನು ಪುಸ್ತಕ ಮುಚ್ಚಿ ವಿವರಿಸಿದೆ. ವಿಮಾನದ ರೆಕ್ಕೆ ಕದಲುವುದಿಲ್ಲ, ಅದಕ್ಕೆ ಗಾಳಿ ಸಿಗಬೇಕಾದರೆ ಇಡೀ ವಿಮಾನವೇ ಓಡಬೇಕು. ಹೆಲಿಕಾಪ್ಟರಿನಲ್ಲಿ ರೆಕ್ಕೆಯೇ ಸುತ್ತಿ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಹಾಗಾಗಿ ನಿಂತಲ್ಲೇ ಏಳುತ್ತದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಬಾಲದ ಚಿಕ್ಕ ಫ್ಯಾನು ಅದನ್ನು ಮುಂದಕ್ಕೆ ನೂಕುತ್ತದೆ ಎಂದೂ ಹೇಳಿಬಿಟ್ಟೆ.

ಆ ಹುಡುಗಿ ಎದ್ದು ನಿಂತಳು. ಅವರ ಹೊಲ ವಾಯುಪಡೆಯ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು, ದಿನವೂ ನೋಡುತ್ತಿದ್ದಳು. ಆ ಫ್ಯಾನು ಪಕ್ಕಕ್ಕೆ ಮುಖಮಾಡಿದೆ, ಮುಂದಕ್ಕೆ ಹೇಗೆ ನೂಕುತ್ತದೆ ಎಂದು ತಮಿಳಿನಲ್ಲಿ ಕೇಳಿದಳು. ಮುಂದೆ ಹೋಗುವಾಗ ಮೇಲಿನ ದೊಡ್ಡ ರೆಕ್ಕೆಯೇ ಮುಂದಕ್ಕೆ ವಾಲುತ್ತದಂತೆ. ಚಿಕ್ಕದು ಇಲ್ಲದಿದ್ದರೆ ಹೆಲಿಕಾಪ್ಟರಿನ ಮೈಯೇ ಎದುರು ದಿಕ್ಕಿಗೆ ಗಿರಗಿರ ತಿರುಗುತ್ತದಂತೆ. ಅವಳು ಹೇಳಿದ್ದು ಸರಿ ಎಂದು ಆ ಕ್ಷಣವೇ ನನಗೆ ಹೊಳೆಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಹಾಗಾದರೆ ತೋರಿಸೋಣ ಎಂದು ಆಫೀಸಿನಿಂದ ತಿರುಗುವ ಕುರ್ಚಿ ತರಿಸಿದೆ. ನೀನೇ ಬಾಲವಿಲ್ಲದ ಹೆಲಿಕಾಪ್ಟರ್ ಎಂದು ಅವಳನ್ನು ಕೂರಿಸಿ, ಕಾಲು ಮೇಲೆತ್ತಿಸಿ, ಜೋರಾಗಿ ತಿರುಗಿಸಿದೆ. ವೇಗ ಇಳಿದಾಗಲೆಲ್ಲ ಮತ್ತೆ ತಳ್ಳಿದೆ. ಜಡೆ ಅವಳ ಮುಖಕ್ಕೇ ಬಡಿಯುತ್ತಿತ್ತು. ಇಡೀ ತರಗತಿ ನಗುತ್ತಿತ್ತು, ಈ ಸಲ ನನ್ನನ್ನು ನೋಡಿ ಅಲ್ಲ.

"ತಲೆ ಸುತ್ತುತೈತೆ, ಕೊಂಜ ನಿಲ್ಸಿ ಅಕ್ಕಾ," ಎಂದಳು ತಮಿಳು ಬೆರೆತ ತನ್ನ ಕನ್ನಡದಲ್ಲಿ.

"ಇಲ್ಲಿ ನಾನು ನಿನ್ನ ಅಕ್ಕ ಅಲ್ಲ, ಟೀಚರ್," ಎಂದು ತಮಿಳಿನಲ್ಲಿ ಹೇಳಿ ಇನ್ನೊಮ್ಮೆ ತಳ್ಳಿದೆ.

ಅವಳು ವಾಂತಿ ಮಾಡಿಕೊಂಡಳು. ಬಕೆಟ್ಟು ತರಿಸಿ ಅವಳ ಕೈಯಲ್ಲೇ ನೆಲ ಒರೆಸಿಸಿದೆ. ಆಮೇಲೆ ಬೋರ್ಡಿನ ಮೇಲೆ ಬಾಲದ ಫ್ಯಾನಿನ ಕೆಲಸವನ್ನು ಸರಿಯಾಗಿ ಬರೆದು, ನಾನು ಮೊದಲಿನಿಂದ ಹೇಳುತ್ತಿದ್ದದ್ದು ಇದನ್ನೇ ಎಂದೆ. ಯಾರೂ ಅಲ್ಲಗಳೆಯಲಿಲ್ಲ. ಅವಳೂ ಕೂಡ.

ಅವಳು ಮತ್ತೆ ನನ್ನ ಪಾಠದಲ್ಲಿ ಬಾಯಿ ತೆರೆಯಲಿಲ್ಲ. ಹನ್ನೊಂದನೇ ತರಗತಿಗೆ ವಿಜ್ಞಾನ ಬಿಟ್ಟು ಕಾಮರ್ಸ್ ತೆಗೆದುಕೊಂಡಳು. ಏಕೆಂದು ನಾನು ಕೇಳಲಿಲ್ಲ. ಕುರ್ಚಿಯ ಆ ದಿನದ ನಂತರ ಉಳಿದ ಮಕ್ಕಳೂ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದರು. ನನ್ನ ತರಗತಿ ಎಷ್ಟು ಶಿಸ್ತಾಗಿದೆ ಎಂದು ಹೆಡ್‌ಮಿಸ್ ಎಲ್ಲರ ಮುಂದೆ ಹೊಗಳಿದರು. ಸುಳ್ಳೇಕೆ ಹೇಳಲಿ, ನನಗೆ ತುಂಬ ಸಂತೋಷವಾಗಿತ್ತು.