ಒಂದು ದಾವಣಗೆರೆ, ಒಂದು ಹರಿಹರ

ಮಲೇಷ್ಯಾದ ನಕಾಶೆಯಲ್ಲಿ ನಮ್ಮಪ್ಪನಿಗೆ ಕಂಡದ್ದು ಎರಡೇ ಊರು. ದೊಡ್ಡದೆಲ್ಲ ದಾವಣಗೆರೆ, ಸಣ್ಣದೆಲ್ಲ ಹರಿಹರ. ಬಾಡಿಗೆ ಕಾರಿನಲ್ಲಿ ಎಂಟು ದಿನ ಸುತ್ತೋಣ ಎಂದು ನಾನು ಹೇಳಿದಾಗ ಅವ್ವನಿಗೆ ಅಂಗಡಿಗಳಿರುವ ದಾವಣಗೆರೆಗಳು ಬೇಕಾದವು. ಹರಿಹರದ ಹೊಳೆದಂಡೆಯಲ್ಲಿ ಬೆಳೆದ ಅಪ್ಪನಿಗೆ ಹರಿಹರಗಳೇ ಸಾಕಿದ್ದವು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಉಣ್ಣುತ್ತ ಕೂತಾಗ ತೀರ್ಮಾನವಾಯಿತು.

"ಒಂದು ದಾವಣಗೆರೆ, ಒಂದು ಹರಿಹರ. ಪಾಳಿ ಪ್ರಕಾರ. ನಿಮ್ಮವ್ವಗೂ ಸಮಾಧಾನ, ನನಗೂ ನಿದ್ದಿ."

"ಕಾರು ಹೊಡಿಯೋನಿಗೆ ಏನೈತಪ್ಪ?"

"ನಿನಗ ಬಾಯಿ ಐತೆಲ್ಲೋ, ಸಾಕು."

ಬಾಯಿ ಇತ್ತು, ನಿಜ. ಅಪ್ಪನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಬಂದು ಚೌಕಾಸಿ ಮಾಡುವವರು, ಹರಿಹರದ ಬಸ್ಸಿನ ಕಂಡಕ್ಟರು, ಹರಿಹರದಲ್ಲೇ ಇರುವ ನಮ್ಮ ಮನೆತನದ ಗುರು ಅಯ್ಯನವರು, ಎಲ್ಲರೂ ನನ್ನ ಗಂಟಲಲ್ಲಿ ಇದ್ದರು. ಅಯ್ಯನವರ ಕೆಮ್ಮನ್ನೂ ಮೂಗಿನಲ್ಲಿ ಎಳೆಯುವ "ಹ್ಞೂಂ"ಅನ್ನೂ ಅಣಕಿಸಿದರೆ ಅಪ್ಪ ಬೈಯುತ್ತಲೇ ನಗುತ್ತಿದ್ದರು. ನನ್ನ ಸ್ವಂತ ದನಿ ಯಾವುದೆಂದು ಮಾತ್ರ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಹೊರಡುವ ಮುಂಚೆ ಒಂದು ಬುದ್ಧಿವಂತಿಕೆ ಮಾಡಿದೆ. ಅಪ್ಪ ಕೊರಳಲ್ಲಿ ಇಷ್ಟಲಿಂಗ ಧರಿಸುತ್ತಾರೆ, ಬೆಳ್ಳಿಯ ಕರಡಿಗೆಯಲ್ಲಿ. "ದೊಡ್ಡ ಊರಾಗ ಬೈಕಿನ ಮ್ಯಾಲೆ ಬಂದು ಕಿತ್ಕೊಂಡ್ ಹೋಗ್ತಾರಪ್ಪ. ಬೆಳ್ಳಿ ಬೀರುನಾಗ ಇರ್ಲಿ. ಲಿಂಗ ಬಟ್ಟಿಯಾಗ ಕಟ್ಕೋ," ಎಂದೆ. ಎಲ್ಲೋ ಮೊಬೈಲಿನಲ್ಲಿ ಓದಿದ್ದೆ, ಅಷ್ಟೆ. ಅಪ್ಪ ಒಪ್ಪಿದರು.

ಕ್ವಾಲಾಲಂಪುರದಲ್ಲಿ ಯಾರೂ ನಮ್ಮ ಮೈಮೇಲೆ ಬರಲಿಲ್ಲ. ಮರುದಿನ ನಮ್ಮ ಪಾಳಿಯ ಹರಿಹರ, ಕುವಾಲಾ ಕಾಂಗ್ಸರ್ ಎಂಬ ಹೊಳೆ ಪಕ್ಕದ ಸಣ್ಣ ಊರು. ಅಪ್ಪ ಸಂಜೆಯೆಲ್ಲ ಹೊಳೆ ನೋಡುತ್ತ ಕೂತರು. ಬೆಳಿಗ್ಗೆ ವಸತಿಗೃಹದ ಮೇಲಿನ ಕೋಣೆಯಲ್ಲಿ ಅವರು ಸ್ನಾನ ಮಾಡಿ ಪೂಜೆಗೆ ಕೂತಾಗ ನನಗೆ ಮುಂದಿನ ದಾವಣಗೆರೆಯಾದ ಪೆನಾಂಗ್ ಮುಟ್ಟುವ ಅವಸರ. ಕೆಳಗೆ ಕಾರಿನ ಬಳಿ ನಿಂತು ಕಂಡಕ್ಟರನಾದೆ. "ರೈಟ್ ರೈಟ್! ಯಾರ್ರೀ ಅದು ಯಜಮಾನ್ರು, ಬಸ್ಸು ನಿಮ್ಮಪ್ಪಂದಾ?" ಅಪ್ಪ ನಗುತ್ತ ಇಳಿದು ಬಂದರು. ಪೂಜೆ ಮುಗಿಸಿ ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು, ಅಂಗಿ ಹಾಕಿಕೊಳ್ಳುವವರೆಗೆ ನೆಲಕ್ಕೆ ಮುಟ್ಟದಿರಲಿ ಎಂದು, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಅದು ಅಲ್ಲೇ ಉಳಿಯಿತು.

ಗೊತ್ತಾದದ್ದು ಮರುದಿನ ಬೆಳಿಗ್ಗೆ, ಪೆನಾಂಗಿನ ಹೋಟೆಲಿನಲ್ಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡು, ಹತ್ತು ನಿಮಿಷದ ಪೂಜೆ ಮುಗಿಸಿ, ಆಮೇಲೆ ತಿನ್ನುವುದು ಅವರ ರೂಢಿ. ಪೂಜೆಯಾಗದೆ ನೀರೂ ಇಲ್ಲ. ಚುಚ್ಚಿಕೊಂಡಾಗಿತ್ತು. ಕೊರಳು ಮುಟ್ಟಿ ನೋಡಿಕೊಂಡರು. ನಾನು ಆ ವಸತಿಗೃಹಕ್ಕೆ ಫೋನ್ ಮಾಡಿದೆ. ಬೂದಿ ಮೆತ್ತಿದ ಹಳೇ ಬಟ್ಟೆಯಲ್ಲಿ ಒಂದು ಕರೀ ಕಲ್ಲಿತ್ತು, ಕಸಕ್ಕೆ ಹಾಕಿದ್ದೇವೆ, ಗಾಡಿ ಒಯ್ದಿದೆ ಎಂದರು. ಬೆಳ್ಳಿಯಿದ್ದಿದ್ದರೆ ಎತ್ತಿಡುತ್ತಿದ್ದರು.

"ನಡಿ, ಹರಿಹರಕ್ಕ ಹೋಗಾಣ," ಅಂದರು ಅಪ್ಪ.

ಕುವಾಲಾ ಕಾಂಗ್ಸರಿನ ದಾರಿಯಲ್ಲಿ ಅವರ ಅಂಗಿ ಬೆವರಿನಲ್ಲಿ ತೊಯ್ದಿತು. ತಿನ್ನದೆ ಸಕ್ಕರೆ ಇಳಿಯುತ್ತಿತ್ತು. ಅವ್ವ ಬಾಳೆಹಣ್ಣು ಹಿಡಿದು, "ಒಂದು ತುತ್ತರ ತಿನ್ರಿ," ಎಂದು ಅತ್ತಳು. "ಲಿಂಗಿಲ್ಲದ ಬಾಯಿಗೆ ಹೆಂಗ ಹಾಕ್ಲೆ," ಎಂದು ಅಪ್ಪ ಮುಖ ತಿರುಗಿಸಿದರು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಅಯ್ಯನವರಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಎರಡನೇ ಸಲವೂ ಎತ್ತಲಿಲ್ಲ. ಅಲ್ಲಿನ ಶೌಚಾಲಯಕ್ಕೆ ಹೋಗಿ, ಚಿಲಕ ಹಾಕಿಕೊಂಡು, ಕೆಮ್ಮಿ, ಮೊಬೈಲಿನಲ್ಲಿ ನನ್ನ ಜೀವನದ ಅತ್ಯುತ್ತಮ ಅಣಕವನ್ನು ರೆಕಾರ್ಡ್ ಮಾಡಿದೆ.

"ಹ್ಞೂಂ… ಯಜಮಾನ್ರೆ, ಪ್ರಸಾದ ತಗೊಳ್ರಿ. ಊರಿಗೆ ಬರ್ರಿ, ಹೊಸ ಲಿಂಗ ಕೊಡ್ತೀನಿ. ಅಲ್ಲೀತನ ನನ್ನ ಅಪ್ಪಣಿ ಐತೆ."

ಅಯ್ಯನವರು ಕಳಿಸಿದ್ದಾರೆಂದು ಹೇಳಿ ಕೇಳಿಸಿದೆ. ಅಪ್ಪ ಮೊಬೈಲಿಗೆ ಕೈಮುಗಿದರು. ಅವ್ವ ನನ್ನನ್ನೇ ಒಂದು ಕ್ಷಣ ನೋಡಿ, ಹಣ್ಣಿನ ಸಿಪ್ಪೆ ಸುಲಿದಳು.

ಆ ಸಂಜೆ ಅಯ್ಯನವರು ತಾವೇ ತಿರುಗಿ ಕರೆ ಮಾಡಿದರು. ಅಪ್ಪ ಪಕ್ಕದಲ್ಲೇ ಅನ್ನ ಉಣ್ಣುತ್ತಿದ್ದರು. ನಾನು ಕಟ್ ಮಾಡಿದೆ. ಹೊರಗೆ ಹೋಗಿ ಮಾತಾಡಬಹುದಿತ್ತು. ಹೋಗಲಿಲ್ಲ. ಉಳಿದ ದಿನಗಳ ಪಾಳಿಯನ್ನು ಯಾರೂ ಕೇಳಲಿಲ್ಲ. ದೊಡ್ಡ ಊರು, ಸಣ್ಣ ಊರು ಎಲ್ಲ ಒಂದೇ ಆಗಿತ್ತು. ಅಪ್ಪ ಹೊತ್ತುಹೊತ್ತಿಗೆ ಉಂಡರು, ಅಪ್ಪಣೆಯ ಪ್ರಕಾರ.

ಊರಿಗೆ ಬಂದ ಅಪ್ಪ ಮನೆಯಲ್ಲಿ ಸ್ನಾನ ಮಾಡಿ, ನನ್ನನ್ನೂ ಕರೆದುಕೊಂಡು ನೇರ ಹರಿಹರಕ್ಕೆ ಹೊರಟರು. ಅಯ್ಯನವರ ಕಾಲಿಗೆ ಬಿದ್ದು, "ಅವತ್ತು ನೀವು ಅಪ್ಪಣಿ ಕೊಡದಿದ್ರ ನಾ ಉಳೀತಿರಲಿಲ್ರಿ ಬುದ್ಧಿ," ಎಂದರು.

"ನಾನಾ? ಯಾವಾಗ?" ಅಯ್ಯನವರು ನನ್ನ ಕಡೆ ನೋಡಿದರು. "ನಿಮ್ಮ ಹುಡುಗ ಫೋನ್ ಮಾಡಿದ್ದ. ನಾ ತಿರುಗಿ ಮಾಡಿದ್ರ ಕಟ್ ಮಾಡಿದ."

ಅಪ್ಪನೂ ನನ್ನ ಕಡೆ ತಿರುಗಿದರು. ಅಷ್ಟು ವರ್ಷ ನಕ್ಕ ಅಣಕ ಅದು, ಗುರುತು ಹತ್ತಲು ತಡವಾಗಲಿಲ್ಲ.

ಅಯ್ಯನವರು ಕೆಮ್ಮಿದರು. "ಹೋಗ್ಲಿ ಬಿಡ್ರಿ ಯಜಮಾನ್ರೆ. ನನ್ನ ಕೇಳಿದ್ರೂ ಉಣ್ರಿ ಅಂತನ ಹೇಳ್ತಿದ್ದೆ."

"ಹೇಳಿಲ್ಲಲ್ರಿ," ಅಂದರು ಅಪ್ಪ.

ಹೊಸ ಲಿಂಗ ಬಂತು, ಬೀರುವಿನಿಂದ ಕರಡಿಗೆಯೂ ಬಂತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಅವರ ಬೈಗುಳವನ್ನು ಅಣಕಿಸಿ ಹೇಗೋ ದಾಟಿಬಿಡುತ್ತಿದ್ದೆ. ಈಗ ಅಂಗಡಿಯಿಂದ ನಾನು ಮನೆಗೆ ಫೋನ್ ಮಾಡಿದರೆ ಅವರು ಎತ್ತುತ್ತಾರೆ, ನನ್ನ ಒಂದು ಮಾತು ಕೇಳಿಸಿಕೊಳ್ಳುತ್ತಾರೆ, ಅವ್ವನ ಕೈಗೆ ಕೊಡುತ್ತಾರೆ. ಆಚೆಯಿಂದ ಅವರ ದನಿ ನನಗೆ ಸ್ಪಷ್ಟವಾಗಿ ಕೇಳುತ್ತದೆ.

"ಏನಿದ್ರೂ ಮನಿಗೆ ಬಂದು, ನನ್ನ ಮುಂದ ನಿಂತು ಹೇಳಾಕ ಹೇಳು."