ದೋಣಿಯವಳ ಕಡೇ ಹಾಳೆಗಳು

ಪುಸ್ತಕ ತೆರೆದರೆ ಹೊಗೆಯ ವಾಸನೆ ಬರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ತೊಡೆಯ ಮೇಲಿರುವ ಈ ದಪ್ಪ ಕಾದಂಬರಿಗೆ ಇಪ್ಪತ್ತೈದು ವರ್ಷವಾದರೂ ಪಾಂಡವಪುರದ ನಮ್ಮ ಆಲೆಮನೆಯ ವಾಸನೆ ಬಿಟ್ಟಿಲ್ಲ. ಬೆಲ್ಲದ ಸಿಹಿ, ಅದರಡಿಯಲ್ಲಿ ಸುಟ್ಟ ಕಬ್ಬಿನ ಸಿಪ್ಪೆಯ ಕಮಟು. ನಡುವಿನ ಒಂದು ಪುಟದಲ್ಲಿ ಬೆಲ್ಲ ಅಂಟಿದ ಹೆಬ್ಬೆಟ್ಟಿನ ಗುರುತಿದೆ. ಅದು ಅಕ್ಕನದು. ನನ್ನ ಗುರುತು ಪುಸ್ತಕದ ಕೊನೆಯಲ್ಲಿತ್ತು.

ಹೈಸ್ಕೂಲಿನಲ್ಲಿ ಪ್ರಬಂಧ ಬರೆದದ್ದಕ್ಕೆ ಅಕ್ಕನಿಗೆ ಬಂದ ಬಹುಮಾನ ಅದು. ಅದರ ಕಥೆಯಲ್ಲಿ ಮಾಟಗಾರ ದೊರೆಯೊಬ್ಬ ಹೊಳೆಯನ್ನು ಕಲ್ಲಿನೊಳಗೆ ಬಂಧಿಸುತ್ತಾನೆ. ಅದನ್ನು ಬಿಡಿಸಲು ದೋಣಿ ನಡೆಸುವ ಹೆಂಗಸೊಬ್ಬಳು ಏಳು ರಾಜ್ಯ ಕಾಲ್ನಡಿಗೆಯಲ್ಲಿ ದಾಟಿ ಹೋಗುತ್ತಾಳೆ. ದೈತ್ಯರಿದ್ದಾರೆ, ಮಾತಾಡುವ ಕುದುರೆಗಳಿವೆ. ಅಕ್ಕ ದಿನಕ್ಕಿಷ್ಟು ಗಟ್ಟಿಯಾಗಿ ಓದುತ್ತಿದ್ದಳು. ಆಲೆಮನೆಯ ಹೆಂಗಸರು ಕೈಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಒಲೆಗೆ ಸಿಪ್ಪೆ ತಳ್ಳುತ್ತಿದ್ದೆ. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಿಪ್ಪೆ ಇಬ್ಬನಿಗೆ ನೆನೆದು ಬೆಂಕಿ ಹತ್ತಲೊಲ್ಲದು. ಪುಸ್ತಕ ಬೆಲ್ಲದ ಅಚ್ಚಿನ ಮಣೆಯ ಮೇಲಿತ್ತು. ಕೊನೆಯ ಹನ್ನೆರಡು ಹಾಳೆ ಕಿತ್ತು ಒಲೆ ಹಚ್ಚಿದೆ. ಶಾಲೆಯ ಪುಸ್ತಕಗಳ ಕೊನೆಯಲ್ಲಿ ಅಭ್ಯಾಸದ ಪ್ರಶ್ನೆಗಳಿರುತ್ತವಲ್ಲ, ಹಿಂದಿನಿಂದ ಕಿತ್ತರೆ ಕಥೆಗೇನೂ ನಷ್ಟವಿಲ್ಲ ಎಂದುಕೊಂಡಿದ್ದೆ. ಇದು ಅರ್ಧ ನಿಜ. ಇನ್ನರ್ಧ ಹೊಟ್ಟೆಕಿಚ್ಚು. ಅದಕ್ಕೆ ಇಬ್ಬನಿ ತಾಗಿರಲಿಲ್ಲ.

ಮರುದಿನ ಓದು ನಡುದಾರಿಯಲ್ಲಿ ನಿಂತಿತು. "ಪ್ರೆಸ್ಸಿನೋರು ಮೋಸ ಮಾಡ್ಬುಟ್ಟವ್ರೆ," ಎಂದಳು ಅಕ್ಕ. ನಾನು ತಲೆ ಎತ್ತದೆ ಕೊಪ್ಪರಿಗೆಯ ನೊರೆ ತೆಗೆದೆ. ಹೆಂಗಸರು ಬಿಡಲಿಲ್ಲ, "ಆಮ್ಯಾಕೇನಾಯ್ತು ಏಳವ್ವ" ಎಂದು ಪೀಡಿಸಿದರು. ಅಕ್ಕ ಕ್ಷಣ ಯೋಚಿಸಿ ತಾನೇ ಒಂದು ಕೊನೆ ಕಟ್ಟಿದಳು. ಹೊಳೆ ಬಿಡುಗಡೆಯಾಯಿತು; ದೋಣಿಯವಳು ಸೋತ ಮಾಟಗಾರನನ್ನು ಕೊಲ್ಲಲಿಲ್ಲ; ತನ್ನ ದೋಣಿಯಲ್ಲಿ ಕೂರಿಸಿ, ಕೈಗೆ ಹುಟ್ಟು ಕೊಟ್ಟು, "ತಗೋ, ಈಗ ನೀನು ದಾಟಿಸು" ಎಂದಳು.

ಆಮೇಲೆ ಅಕ್ಕ ಮದುವೆಯಾಗಿ ನಾಗಮಂಗಲಕ್ಕೆ ಹೋದಳು. ಪುಸ್ತಕವೂ ಹೋಯಿತು. ಹಾಳೆ ಕಿತ್ತವನು ನಾನೆಂದು ಅವಳಿಗೆ ಹೇಳಲೇ ಇಲ್ಲ.

ಸುತ್ತಲ ನಾಲ್ಕು ಊರಿನವರದ್ದೊಂದು ಓದುಗರ ಕೂಟವಿದೆ; ಅಕ್ಕನೂ ಅದರಲ್ಲಿದ್ದಾಳೆ. ತಿಂಗಳಿಗೊಂದು ಊರಿನಲ್ಲಿ ಸೇರುತ್ತಾರೆ. ಕಳೆದ ತಿಂಗಳು ಶ್ರೀರಂಗಪಟ್ಟಣದಲ್ಲಿ, ನಸೀಮಾ ಅನ್ನುವವರ ಟೈಲರಂಗಡಿಯ ಮಹಡಿಯಲ್ಲಿ. ಇದೇ ಕಾದಂಬರಿ ಚರ್ಚೆಗಿತ್ತು. ಅಕ್ಕನನ್ನು ಬೈಕಿನಲ್ಲಿ ಕರೆತಂದ ನಾನು, ಚಹಕ್ಕೆಂದು ತಂದ ಬೆಲ್ಲ ಕೊಟ್ಟು ಬಾಗಿಲ ಬಳಿ ಕೂತೆ.

ಕೆ.ಆರ್.ಪೇಟೆಯಿಂದ ಬಂದಿದ್ದ ರಿಟೈರಾದ ಕಂಡಕ್ಟರ್ ಸಿದ್ದೇಗೌಡರು ಮೊದಲು ಶುರು ಮಾಡಿದರು. "ಮುನ್ನೂರು ಪುಟ ಬರೀ ನಡೀತಾನೇ ಅವ್ಳೆ. ಒಂದ್ ಬಸ್ಸಿದ್ದಿದ್ರೆ ಮೂವತ್ತೇ ಪುಟಕ್ಕೆ ಇಳುಸ್ತಿದ್ದೆ."

"ಆ ನಡಿಗೆಯಲ್ಲೇ ಮಜಾ ಇರೋದು ಸಾಬ್. ಮೂರು ಸಲ ಅತ್ತಿದೀನಿ," ಎಂದರು ನಸೀಮಾ.

ಅಕ್ಕನ ಸರದಿ ಬಂತು. "ನಂಗೆ ಈ ಪುಸ್ತಕದ್ ಮ್ಯಾಲೆ ಸಿಟ್ಟು. ಕಡೇ ಹಾಳೆನೇ ಅಚ್ ಹಾಕಿಲ್ಲ."

ಸಿದ್ದೇಗೌಡರು ಅವಳ ಪ್ರತಿ ಎತ್ತಿ, ಅದರ ಬೆನ್ನು ಬಗ್ಗಿಸಿ ನೋಡಿದರು. "ಅಚ್ಚಿನ್ ತಪ್ಪಲ್ಲ ಕಣವ್ವ, ಅರ್ದವ್ರೆ. ಬುಡ ಕಾಣ್ತಾ ಅದೆ. ಪೂರ್ತಿ ಓದೋಕಾಗ್ದೆ ನೀನೇ ಅರ್ದ್ಯಾ ಎಂಗೆ?"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹರಿದ ಬುಡದ ಮೇಲೆ ಬೆರಳಾಡಿಸುತ್ತಾ ತಲೆ ತಗ್ಗಿಸಿದಳು. ಆಲೆಮನೆಯಲ್ಲಿ ಅಷ್ಟು ಜನರನ್ನು ಹಿಡಿದು ಕೂರಿಸಿದ್ದ ಅಕ್ಕ, ಇಲ್ಲಿ ನನ್ನಿಂದಾಗಿ ಓದಲಾರದವಳಾದಳು. ನಾನು ಎದ್ದು ನಿಂತೆ.

"ನಾನು ಅರ್ದಿದ್ದು. ಒಲೆ ಅಚ್ಚೋಕೆ."

ಅಕ್ಕ ನನ್ನತ್ತ ತಿರುಗಿದಳು. "ಸುಡೋಕ್ ಮುಂಚೆ ಓದಿದ್ಯೇನ್ಲಾ?"

"ಇಲ್ಲ."

"ಅದು ಕಣ್ಲಾ ನೀನ್ ಮಾಡಿದ್ ತಪ್ಪು." ನಸೀಮಾರ ಪ್ರತಿ ತೆಗೆದು ನನ್ನ ಕೈಗಿಟ್ಟಳು. "ತಗೋ, ಈಗ ನೀನು ಓದು. ಗಟ್ಟಿಯಾಗ್ ಓದು."

ಒತ್ತಕ್ಷರ ಸಿಕ್ಕಲ್ಲೆಲ್ಲಾ ಮುಗ್ಗರಿಸಿದೆ. ಯಾರೂ ನಗಲಿಲ್ಲ. ಪುಸ್ತಕದ ಕೊನೆಯಲ್ಲಿ ಮಾಟಗಾರನನ್ನು ಕೊಂದು ದೋಣಿಯವಳು ರಾಣಿಯಾಗುತ್ತಾಳೆ. ಕಡೆಯ ಸಾಲು ಮುಟ್ಟುವ ಹೊತ್ತಿಗೆ ಅಂಗಿ ಬೆನ್ನಿಗಂಟಿತ್ತು.

"ದೋಣಿ ಬುಟ್ಟು ಸಿಂಹಾಸನ ಅತ್ತಿದ್ಲಾ? ಇದುಕ್ಕಾ ಅಷ್ಟ್ ನಡದಿದ್ದು?" ಎಂದು ಸಿದ್ದೇಗೌಡರು ಗೊಣಗಿದರು.

"ನಮ್ಮಕ್ಕನ್ದೊಂದ್ ಕೊನೆ ಅದೆ, ಕೇಳಿ," ಎಂದೆ.

ಅಕ್ಕ ಹೇಳಿದಳು. ಮುಗಿದಾಗ ಕೆಳಗಿನ ಹೊಲಿಗೆ ಮಿಷನ್ನೂ ನಿಂತಿತ್ತು. ಸಿದ್ದೇಗೌಡರು ಕನ್ನಡಕ ತೆಗೆದು ಒರೆಸಿಕೊಂಡರು. "ಇಂಗ್ ಮುಗಿಯಂಗಿದ್ರೆ ಇನ್ನೂ ಮುನ್ನೂರು ಪುಟ ನಡೀತಿದ್ದೆ ಕಣವ್ವ. ತಪ್ಪಾಯ್ತು." ಪುಸ್ತಕದ ಬಗ್ಗೆ ಅಷ್ಟು ಹೊತ್ತು ಒಮ್ಮತವಾಗದ ಕೂಟ ಅಕ್ಕನ ಕೊನೆಗೆ ಒಟ್ಟಿಗೆ ಚಪ್ಪಾಳೆ ತಟ್ಟಿತು.

ಈಗ ಹರಿದ ಬುಡಕ್ಕೆ ಹನ್ನೆರಡು ಬಿಳಿ ಹಾಳೆ ಅಂಟಿಸಿದ್ದೇನೆ. ಅಕ್ಕ ಅದರಲ್ಲಿ ತನ್ನ ಕೊನೆಯನ್ನು ನೀಲಿ ಪೆನ್ನಿನಲ್ಲಿ ಬರೆದುಕೊಟ್ಟಿದ್ದಾಳೆ. ನಾನು ಮೊದಲ ಪುಟದಿಂದ ಹೊರಟು ನಿನ್ನೆ ಅವಳ ಅಕ್ಷರಕ್ಕೆ ಬಂದು ಮುಟ್ಟಿದೆ. ಭಾನುವಾರ ಕೆ.ಆರ್.ಪೇಟೆಯ ಕೂಟದಲ್ಲಿ ನನ್ನ ಅಭಿಪ್ರಾಯ ಕೇಳುತ್ತಾರಂತೆ. ಹೇಳುವುದು ಸಿದ್ಧವಿದೆ: ನಡಿಗೆ ಉದ್ದ, ಗೌಡರು ಹೇಳಿದ್ದು ನಿಜ. ಆದರೆ ಒಂದು ಪುಟವನ್ನೂ ಬಿಡದೆ ನಡೆದೇ ಬಂದಿದ್ದೇನೆ.