ವರ್ಡೆಲ್ ಪ್ರೂಯಿಟ್ ಹಾಕಿಸಿಕೊಂಡ ಸಹಿ

ವರ್ಡೆಲ್ ಪ್ರೂಯಿಟ್‌ಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಸಾನ್ ಲೂಸಿಯೊದಲ್ಲಿ ಬಸ್ ಓಡಿಸಿದವಳು, ನಿವೃತ್ತಿಯಾಗಿ ಮೂರು ವಾರ ಮನೆಯಲ್ಲಿ ಕುಳಿತದ್ದೇ ಹೆಚ್ಚು. ನಾಲ್ಕನೇ ವಾರ ಸಾರಿಗೆ ಮಂಡಳಿಯ ಚುನಾವಣೆಗೆ ಅರ್ಜಿ ಹಾಕಿ ಬಂದಳು. ಹತ್ತಾರು ಹುದ್ದೆಗಳಿರುವ ಉದ್ದದ ಮತಪತ್ರದಲ್ಲಿ ಆ ಸ್ಥಾನ ಎಷ್ಟು ಕೆಳಗಿರುತ್ತದೆಂದರೆ, ಕಣ್ಣು ಅಲ್ಲಿಗೆ ಇಳಿಯುವ ಹೊತ್ತಿಗೆ ಅರ್ಧ ಜನ ಪೆನ್ನು ಮುಚ್ಚಿರುತ್ತಾರೆ. ಆದರೂ ಅರವತ್ತೊಂದು ಮತದಿಂದ ಗೆದ್ದಳು.

ಎರಡನೇ ಸಲ ಎದುರಾಳಿಯೇ ಇರಲಿಲ್ಲ, ಅವಿರೋಧ ಆಯ್ಕೆಯಾದ್ದರಿಂದ ಮತಪತ್ರದಲ್ಲಿ ಅವಳ ಹೆಸರೂ ಇರಲಿಲ್ಲ. ಕುಳಿತಿರಲಾರದೆ ಮನೆಮನೆ ಸುತ್ತಿದಳು.

"ಹಾಗಾದ್ರೆ ನಾವೇನ್ ಮಾಡ್ಬೇಕು ಮಿಸ್ ವರ್ಡೆಲ್?" ಎಂದು ಜನ ಕೇಳಿದರು.

"ಏನೂ ಮಾಡ್ಬೇಡಿ. ಬಸ್ ಲೇಟಾದ್ರೆ ನಂಗೆ ಬೈರಿ."

ಬೈಯುವುದಕ್ಕೆ ಯಾರೂ ಹಿಂದೆ ಬೀಳಲಿಲ್ಲ. ಮೂರನೇ ಸಲವೂ ಸಲೀಸಾಗಿ ಗೆದ್ದಳು.

ನಾಲ್ಕನೇ ಚುನಾವಣೆಯ ವರ್ಷ ಚಾಲಕರು ಸಾಲದೆ ಒಂಬತ್ತು ಮಾರ್ಗ ನಿಲ್ಲಿಸುವ ಮಾತು ಬಂತು. ಅದರಲ್ಲಿ ನಲವತ್ತೆರಡನೇ ನಂಬರು ಅವಳ ವಾರ್ಡಿನದು, ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗುವುದು, ಅವಳೇ ಹನ್ನೊಂದು ವರ್ಷ ಓಡಿಸಿದ್ದು. ಅದನ್ನು ಉಳಿಸಿದರೆ ಶಾಲೆಯ ಕಡೆಗಿನ ಎರಡು ಬಸ್ಸು ನಿಂತುಹೋಗುತ್ತಿದ್ದವು. ವರ್ಡೆಲ್ ನಿದ್ದೆಗೆಟ್ಟು ಯೋಚಿಸಿ, ಕೊನೆಗೆ ನಿಲ್ಲಿಸುವ ಕಡೆಗೇ ಕೈ ಎತ್ತಿದಳು. ಅಂದಿನಿಂದ ಅರ್ನೆಸ್ಟೀನ್ ಕೋಬ್ ಅವಳ ಫೋನ್ ಎತ್ತಲಿಲ್ಲ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಡಿಪೋದಲ್ಲಿ ಒಂದೇ ಡಬ್ಬಿಯ ಹುರಿದ ಮೀನು ತಿಂದವರು. ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ ಅರ್ನೆಸ್ಟೀನ್ ಚಿಕಿತ್ಸೆಗೆ ಹೋಗುತ್ತಿದ್ದದ್ದು ಆ ನಲವತ್ತೆರಡರಲ್ಲೇ.

ಡೆವಿನ್ ಆಶ್‌ಬಿ ಎಂಬ ಯುವಕ ಆ ಬಸ್ಸನ್ನು ವಾಪಸ್ ತರುತ್ತೇನೆಂದು ಎದುರು ನಿಂತ. ನವೆಂಬರಿನಲ್ಲಿ ಮತದಾನ ಮುಗಿಯಿತು, ಎಣಿಕೆ ಮುಗಿಯಲಿಲ್ಲ. ಅಂಚೆಯಲ್ಲಿ ಬಂದ ಲಕೋಟೆಗಳನ್ನು ಬಿಡಿಸಿ ದಿನಾ ಸಂಜೆ ನಾಲ್ಕಕ್ಕೆ ಹೊಸ ಲೆಕ್ಕ ಹಾಕುತ್ತಿದ್ದರು. ವರ್ಡೆಲ್ ಒಂದು ದಿನ ಹದಿನೆಂಟು ಮತ ಮುಂದೆ, ಮರುದಿನ ಮೂರು ಹಿಂದೆ. ಕೊನೆಗೆ ಅವಳು ಐದು ಮತ ಮುಂದಿದ್ದಾಗ ಉಳಿದದ್ದು ಮೇಲಿನ ಸಹಿ ಕಚೇರಿಯಲ್ಲಿದ್ದ ಹಳೆಯ ಸಹಿಗೆ ತಾಳೆಯಾಗದ ಲಕೋಟೆಗಳು ಮಾತ್ರ. ಮತದಾರರು ಇನ್ನೊಮ್ಮೆ ಸಹಿ ಹಾಕಿಕೊಟ್ಟರೆ ಆ ಮತ ಎಣಿಕೆಗೆ ಬರುತ್ತದೆ. ಎರಡೂ ಕಡೆಯವರು ಪಟ್ಟಿ ಹಿಡಿದು ಓಡಿದರು. ವರ್ಡೆಲ್ ತನ್ನ ಎಪ್ಪತ್ತರ ಮಂಡಿಗಳನ್ನು ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿದಳು, ಇಳಿದಳು.

ಪಟ್ಟಿಯಲ್ಲಿ ಅರ್ನೆಸ್ಟೀನ್ ಹೆಸರೂ ಇತ್ತು. ಮೂರು ಸಲ ಆ ಮನೆ ಮುಂದೆ ಕಾರು ನಿಧಾನ ಮಾಡಿ ಹೋಗಿಬಿಟ್ಟಿದ್ದಳು. ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಬಾಗಿಲು ತಟ್ಟಿದಳು. ಸಹಿಯ ಕಾಗದ ಕಚೇರಿಗೆ ಕೊಡುವ ಗಡುವು ಐದಕ್ಕೆ.

"ಸಹಿ ಬೇಕಾದಾಗ ಬಂದ್ಯಾ," ಎಂದಳು ಅರ್ನೆಸ್ಟೀನ್, ಜಾಲರಿ ಬಾಗಿಲು ತೆರೆಯದೆ.

"ಫೋನ್ ಎತ್ತಲಿಲ್ಲ ನೀನು."

"ಫೋನ್ ಎತ್ತದಿದ್ರೆ ಮನೆ ದಾರಿ ಮರ್ತೋಗುತ್ತಾ? ಈ ಬಾಗ್ಲು ಮುಂದೇನೇ ಹನ್ನೊಂದು ವರ್ಷ ಬಸ್ ಓಡ್ಸಿದೀಯ."

"ನಿನ್ನ ಸಹಿ ಹಳೇದಕ್ಕೆ ಹೊಂದ್ತಿಲ್ವಂತೆ ಕಣೇ."

"ಹೇಗ್ ಹೊಂದುತ್ತೆ? ಗುಡ್ಡದ ಮೇಲೆ ಈ ಕೈಗೆ ವ್ಯಾಯಾಮ ಮಾಡಿಸ್ತಿದ್ರು. ಬೆರಳು ಮಡಚೋಕೆ ಬರ್ತಾ ಇತ್ತು. ನಿನ್ನ ಬಸ್ ನಿಂತೋಯ್ತು, ಬೆರಳೂ ನಿಂತೋಯ್ತು."

ಜಾಲರಿಯ ಹಿಂದೆ ಆ ಕೈ ಮೇಲೆದ್ದಿತು. ವರ್ಡೆಲ್‌ಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮಂಡಳಿಯ ಕಾಗದದಲ್ಲಿ ಪ್ರಯಾಣಿಕರ ಸಂಖ್ಯೆ ಇತ್ತು, ಬೆರಳಿನ ವಿಷಯ ಇರಲಿಲ್ಲ.

"ಡೆವಿನ್ ಕಡೆಯವರು ಬರ್ಲಿಲ್ವಾ?" ಎಂದಳು.

"ಎರಡು ಸಲ ಬಂದಿದ್ರು. ಬಾಗ್ಲು ತೆಗೀಲಿಲ್ಲ. ನೀನು ಬರ್ತೀಯೋ ಇಲ್ವೋ ನೋಡ್ಬೇಕಿತ್ತು." ಅರ್ನೆಸ್ಟೀನ್ ಚಿಲಕ ತೆಗೆದಳು. "ಯಾರಿಗೆ ಹಾಕ್ದೆ ಅಂತ ಕೇಳಲ್ವಾ?"

"ಕೇಳೋ ಹಾಗಿಲ್ಲ."

"ನಾನೇ ಹೇಳ್ತೀನಿ. ಆ ಹುಡುಗನಿಗೆ ಹಾಕ್ದೆ. ಈಗ್ಲೂ ಸಹಿ ಹಾಕಿಸ್ಕೋತೀಯಾ, ಇಲ್ಲ ಸುಮ್ನೆ ಹೊರಡ್ತೀಯಾ?"

ಮುಂದಿರುವುದು ಐದೇ ಮತ. ಹೊರಟುಹೋದರೆ ಕೇಳುವವರು ಯಾರೂ ಇರಲಿಲ್ಲ. ವರ್ಡೆಲ್ ಚೀಲದಿಂದ ಕಾಗದ ತೆಗೆದು, ತರಕಾರಿ ಹೆಚ್ಚುವ ಹಲಗೆಯ ಮೇಲಿಟ್ಟು, ಜಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಅರ್ನೆಸ್ಟೀನ್‌ಗೆ ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿಯಬೇಕಾಯಿತು.

ಚುನಾವಣಾ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಪ್ರತಿ ಕೆಂಪು ದೀಪದಲ್ಲೂ ವರ್ಡೆಲ್ ಪಕ್ಕದ ಸೀಟಿನ ಮೇಲಿದ್ದ ಆ ಕಾಗದದ ಕಡೆ ನೋಡಿದಳು. ಕಿಟಕಿ ಇಳಿಸಿದರೆ ಗಾಳಿಯೇ ಕೆಲಸ ಮುಗಿಸುತ್ತಿತ್ತು. ಇಳಿಸಲಿಲ್ಲ. ನಾಲ್ಕೂ ಐವತ್ತಕ್ಕೆ ಕಾಗದಗಳನ್ನೆಲ್ಲ ಕಚೇರಿಯ ಕಿಟಕಿಯಲ್ಲಿ ಕೊಟ್ಟಳು.

ಮೂರು ದಿನದ ಮೇಲೆ ಅಂತಿಮ ಲೆಕ್ಕ ಬಂತು. ಎರಡು ಮತದಿಂದ ಸೋತಿದ್ದಳು. ಹನ್ನೆರಡು ವರ್ಷ ಕುಳಿತ ಕುರ್ಚಿ. ಅಡುಗೆಮನೆಯಲ್ಲಿ ನಿಂತೇ ಅತ್ತಳು. ಆಗ ಫೋನ್ ಬಂತು.

"ಸೋತ್ಯಂತೆ," ಎಂದಳು ಅರ್ನೆಸ್ಟೀನ್.

"ಹೂಂ."

"ನಾನು ಸಹಿ ಹಾಕ್ದೆ ಇದ್ರೂ ನೀನು ಸೋಲ್ತಿದ್ದೆ."

"ನಿನ್ನ ಮತ ಕಳೆದು ನೋಡ್ದೆ ಕಣೇ, ಆಗ್ಲೂ ಒಂದ್ರಲ್ಲಿ ಸೋಲ್ತೀನಿ."



"ಆ ಹುಡುಗ ಬಸ್ ಯಾವಾಗ ತರ್ತಾನೆ?"

"ಚಾಲಕರು ಸಿಕ್ಕಿದ್ರೆ ಜೂನ್‌ಗೆ. ಸಿಗಲ್ಲ."

"ಅಲ್ಲೀತನಕ ಈ ಕೈ?"

"ಚಿಕಿತ್ಸೆ ಎಷ್ಟ್ ಗಂಟೆಗೆ ಇಟ್ಕೊಳ್ತಾರೆ ಕೇಳು," ಎಂದಳು ವರ್ಡೆಲ್. "ಮುಂಚೆ ತರಾನೇ ಬಾಗ್ಲಲ್ಲಿ ನಿಂತಿರು. ನಾನು ಕಾಯಲ್ಲ."